ಸೇತುವೆ ಬಂತು, ಇನ್ನು ಹಳೆಯ ಬೀದಿಗಳ ಕಡೆ ನೋಡಿ: ಬ್ರೈಲಾ ಮೇಯರ್‌ಗೆ ಒಂದು ಬಹಿರಂಗ ಪತ್ರ

ಬ್ರೈಲಾ ನಗರದ ಮೇಯರ್ ಅವರಿಗೆ,

ನಮಸ್ಕಾರ. ನಾನು ಕರ್ನಾಟಕದ ಕರಾವಳಿಯವನು. ನಿಮ್ಮ ಊರಿಗೆ ಬಂದು ನಾಲ್ಕು ವರ್ಷವಾಯಿತು, ಹಡಗು ಕಟ್ಟುವ ಕಡೆ ವೆಲ್ಡಿಂಗ್ ಕೆಲಸ ಮಾಡುತ್ತೇನೆ. ಈ ಪತ್ರವನ್ನು ರೊಮೇನಿಯನ್ ಭಾಷೆಯಲ್ಲೂ ಬರೆದು ನಿಮ್ಮ ಕಚೇರಿಗೆ ಕೊಡುತ್ತೇನೆ, ತಪ್ಪು ತಿದ್ದಿಕೊಡಲು ಪಕ್ಕದ ಮನೆಯ ಅಜ್ಜಿ ಒಪ್ಪಿದ್ದಾರೆ. ಮೊದಲು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ರೊಮೇನಿಯಾ ಅಂದ ಕೂಡಲೇ ನನ್ನ ಊರಿನವರು ಡ್ರಾಕುಲಾ ಕೋಟೆ ನೋಡಿದೆಯಾ ಅಂತ ಕೇಳುತ್ತಾರೆ. ಬ್ರೈಲಾ ಅನ್ನೋ ಹೆಸರನ್ನು ಅವರು ಕೇಳಿಯೇ ಇಲ್ಲ. ನನಗೆ ಅದು ಬೇಜಾರು.

ವಿಷಯಕ್ಕೆ ಬರುತ್ತೇನೆ. ಕಳೆದ ಮಾರ್ಚ್‌ನಲ್ಲಿ ಹಿಮ ಕರಗುವ ಹೊತ್ತಿಗೆ, ಹಳೆಯ ಊರಿನ ಒಂದು ಬೀದಿಯಲ್ಲಿ ಕೆಲಸ ಮುಗಿಸಿ ನಡೆದು ಬರುತ್ತಿದ್ದೆ. ನನ್ನ ಮುಂದೆ ನಾಲ್ಕು ಹೆಜ್ಜೆ ದೂರದಲ್ಲಿ ಬಾಲ್ಕನಿಯ ಗಾರೆ ದೊಡ್ಡ ತುಂಡಾಗಿ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ಹಿಂದೆ ಬರುತ್ತಿದ್ದ ಒಬ್ಬ ತಾಯಿ, ಮಗುವಿನ ಕೈ ಹಿಡಿದು, ಬೆಚ್ಚಿ ಬೀಳದೆ ಸುಮ್ನೆ ರಸ್ತೆಯ ಆ ಕಡೆಗೆ ದಾಟಿ ಹೋದರು. ಅದು ಅವರಿಗೆ ಅಭ್ಯಾಸವಾಗಿ ಹೋಗಿತ್ತು. ಮರುದಿನ ಅಲ್ಲಿ ಕೆಂಪು ಬಿಳಿ ಪಟ್ಟಿ ಕಟ್ಟಿದ್ದರು. ಆ ಪಟ್ಟಿ ಬಿಸಿಲಿಗೆ ಬಣ್ಣ ಕಳೆದುಕೊಂಡು ಇವತ್ತಿಗೂ ಅಲ್ಲೇ ಇದೆ.

ಆ ಮನೆಯ ಮುಖ ನೋಡಿದರೆ ಹೊಟ್ಟೆ ಉರಿಯುತ್ತದೆ. ಕಿಟಕಿಯ ಮೇಲೆ ಹೂಬಳ್ಳಿಯ ಕೆತ್ತನೆ, ಕಬ್ಬಿಣದ ಕಸೂತಿಯಂಥ ಕಟಾಂಜನ, ಒಳಗೆ ಮಾತ್ರ ಪಾರಿವಾಳ. ಒಬ್ಬ ಧಾನ್ಯದ ವ್ಯಾಪಾರಿ ಆಸೆಪಟ್ಟು ಕಟ್ಟಿಸಿದ ಮನೆ ಅದು ಅಂತ ಅಜ್ಜಿ ಹೇಳಿದರು. ಅಂಥ ಮನೆ ಒಂದೆರಡಲ್ಲ, ಬೀದಿ ಬೀದಿಗೆ ಇವೆ.

ನಮ್ಮ ಓದುಗರಿಗೆ ಈ ಊರು ಹೇಗಿದೆ ಅಂತ ಸ್ವಲ್ಪ ಹೇಳಬೇಕು, ನೀವು ಬೇಸರ ಮಾಡಿಕೊಳ್ಳಬೇಡಿ. ಡ್ಯಾನ್ಯೂಬ್ ನದಿಯ ಎಡದಂಡೆಯ ಊರು. ಕಪ್ಪು ಸಮುದ್ರದಿಂದ ಸುಮಾರು 170 ಕಿಲೋಮೀಟರ್ ಒಳಗಿದ್ದರೂ ಸಮುದ್ರದ ಹಡಗು ಇಲ್ಲಿಯವರೆಗೆ ಬರುತ್ತದೆ. ಹತ್ತಿರ ಹತ್ತಿರ 300 ವರ್ಷ ಇದು ತುರ್ಕರ ಕೋಟೆಯಾಗಿತ್ತು. ರಷ್ಯಾ ಮತ್ತು ತುರ್ಕರ ನಡುವಿನ 1829ರ ಒಪ್ಪಂದದ ನಂತರ ಕೋಟೆಯನ್ನು ಕೆಡವಿದರು, ಬಯಲಾದ ಜಾಗದಲ್ಲಿ ಹೊಸ ಊರಿಗೆ ನಕ್ಷೆ ಹಾಕಿದರು. ಆ ನಕ್ಷೆ ಎಷ್ಟು ಚಂದ! ಬೀಸಣಿಗೆ ಬಿಚ್ಚಿಟ್ಟ ಹಾಗೆ. ದೊಡ್ಡ ಬೀದಿಗಳು ನದಿಯ ಹತ್ತಿರ ಶುರುವಾಗಿ, ಅರ್ಧಚಂದ್ರದಂತೆ ಬಾಗಿ, ಮತ್ತೆ ನದಿಯ ಹತ್ತಿರವೇ ಬಂದು ಮುಗಿಯುತ್ತವೆ. ಬಂದ ಹೊಸದರಲ್ಲಿ ದಾರಿ ತಪ್ಪಿದಾಗಲೆಲ್ಲ ನಾನು ಯಾವುದಾದರೂ ಒಂದು ದೊಡ್ಡ ಬೀದಿ ಹಿಡಿದು ಸುಮ್ನೆ ನಡೆಯುತ್ತಿದ್ದೆ, ಕೊನೆಗೆ ನೀರು ಕಾಣುತ್ತಿತ್ತು.

1836ರಿಂದ 1883ರವರೆಗೆ ಇದು ಸುಂಕವಿಲ್ಲದ ಬಂದರು. ಹತ್ತಿರದ ಬರಗಾನ್ ಬಯಲಿನ ಗೋಧಿ ಇಲ್ಲಿಂದ ಹಡಗು ಹತ್ತುತ್ತಿತ್ತು. ಗ್ರೀಕರು, ಯಹೂದಿಗಳು, ಅರ್ಮೇನಿಯನ್ನರು, ಬಲ್ಗೇರಿಯನ್ನರು, ರಷ್ಯಾದಿಂದ ತಮ್ಮ ಹಳೆಯ ಪೂಜಾಪದ್ಧತಿ ಬಿಡಲಾರದೆ ಓಡಿಬಂದ ಲಿಪೊವಾನ್ ಜನ, ಎಲ್ಲರೂ ಇಲ್ಲಿ ಮನೆ ಕಟ್ಟಿದರು. ತ್ರಾಯಾನ್ ಚೌಕದ ಚರ್ಚು ಮೊದಲು ಮಸೀದಿಯಾಗಿತ್ತು. ಕಟ್ಟಡ ಕೆಡವದೆ ಹಾಗೇ ಚರ್ಚು ಮಾಡಿಕೊಂಡರು. 1880ರ ದಶಕದ ಕೊನೆಯಲ್ಲಿ ಅಂಗೆಲ್ ಸಾಲಿನ್ಯಿ ಎಂಬ ಎಂಜಿನಿಯರ್ ಇಲ್ಲಿ ಧಾನ್ಯದ ಕಣಜ ಕಟ್ಟುವಾಗ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್ ಬಳಸಿದರು, ಆಗ ಜಗತ್ತಿನಲ್ಲೇ ಅದು ಹೊಸದು. ಕಬ್ಬಿಣದ ಕೆಲಸದವನಾದ್ದರಿಂದ ನನಗೆ ಆ ವಿಷಯ ಕೇಳಿ ಜಾಸ್ತಿ ಖುಷಿಯಾಯಿತು.

ಇಲ್ಲಿ ಹುಟ್ಟಿದವರನ್ನು ನೋಡಿ. ರೋಮ್‌ನಲ್ಲಿ 1900ರಲ್ಲಿ ಟೋಸ್ಕಾ ಆಪೆರಾ ಮೊದಲ ಸಲ ರಂಗಕ್ಕೆ ಬಂದಾಗ ಟೋಸ್ಕಾ ಆಗಿ ಹಾಡಿದ ಹರಿಕ್ಲೇಯಾ ದಾರ್ಕ್ಲೇ ಈ ಊರಿನವರು. ಬಟ್ಟೆ ಒಗೆದು ಸಾಕಿದ ತಾಯಿಯ ಮಗ ಪನಾಯಿತ್ ಇಸ್ತ್ರಾತಿ ಇಲ್ಲಿಯ ಬಂದರಿನಲ್ಲಿ ಬೆಳೆದು, ಕಂಡ ಕಂಡ ಕೆಲಸ ಮಾಡಿ, ಕೊನೆಗೆ ಫ್ರೆಂಚ್ ಕಲಿತು ಫ್ರೆಂಚ್‌ನಲ್ಲೇ ಬರೆದು ಹೆಸರಾದವರು. ಯಾನಿಸ್ ಝೆನಾಕಿಸ್ ಕೂಡ ಇಲ್ಲಿಯವರೇ, ಗ್ರೀಕ್ ಮನೆತನದ ಮಗು. ಮುಂದೆ ದೊಡ್ಡ ಸಂಗೀತಗಾರ ಆಗುವ ಮೊದಲು ಅವರು ಪ್ಯಾರಿಸ್‌ನಲ್ಲಿ ವಾಸ್ತುಶಿಲ್ಪಿ ಲ ಕಾರ್ಬುಸಿಯೇ ಕಚೇರಿಯಲ್ಲಿ ಎಂಜಿನಿಯರ್ ಆಗಿದ್ದರು, ನಮ್ಮ ಚಂಡೀಗಢದ ಸರ್ಕಾರಿ ಕಟ್ಟಡಗಳ ಕೆಲಸದಲ್ಲೂ ಅವರ ಕೈ ಇದೆ. ಇದು ಗೊತ್ತಾದ ದಿನ ಅಣ್ಣನಿಗೆ ಫೋನ್ ಮಾಡಿ ಹೇಳಿದ್ದೆ.

ಇಷ್ಟೆಲ್ಲ ಇರುವ ಊರು ಖಾಲಿಯಾಗುತ್ತಿದೆ. 1992ರ ಜನಗಣತಿಯಲ್ಲಿ 2 ಲಕ್ಷ 34 ಸಾವಿರ ಜನ ಇದ್ದರು, 2021ರಲ್ಲಿ ಸುಮಾರು 1 ಲಕ್ಷ 55 ಸಾವಿರ. ಮೂವರಲ್ಲಿ ಒಬ್ಬರು ಕಡಿಮೆ. ಅಜ್ಜಿಯ ಮಗ ಇಟಲಿಯಲ್ಲಿ, ಮಗಳು ಸ್ಪೇನ್‌ನಲ್ಲಿ. ಅವರು ಹೋದ ಕಡೆ ಅವರೂ ನನ್ನ ಹಾಗೇ ಇರುತ್ತಾರೆ, ಅಲ್ವಾ? ನನ್ನ ಅಮ್ಮನೂ ಊರಲ್ಲಿ ಅಜ್ಜಿಯ ಹಾಗೇ ಫೋನ್ ಕಾಯುತ್ತಾ ಕೂರುತ್ತಾಳೆ.

2023ರ ಜುಲೈನಲ್ಲಿ ಇಲ್ಲಿ ಡ್ಯಾನ್ಯೂಬ್ ಮೇಲಿನ ತೂಗುಸೇತುವೆ ತೆರೆಯಿತು. ಅದಕ್ಕೂ ಮೊದಲು ಫೆರಿಗಾಗಿ ಸಾಲಿನಲ್ಲಿ ಕಾದು ನದಿ ದಾಟಿದ್ದೇನೆ, ಆದ್ದರಿಂದ ಆ ಸೇತುವೆಯ ಬೆಲೆ ನನಗೆ ಗೊತ್ತು. ಎರಡು ಗೋಪುರಗಳ ನಡುವೆ 1,120 ಮೀಟರ್! ಯುರೋಪಿನ ದೊಡ್ಡ ತೂಗುಸೇತುವೆಗಳಲ್ಲಿ ಅದೂ ಒಂದು. ಆದರೆ ನನಗೊಂದು ಭಯ ಇದೆ. ಡ್ಯಾನ್ಯೂಬ್ ಡೆಲ್ಟಾ ನೋಡಲು, ಸಮುದ್ರಕ್ಕೆ ಹೋಗಲು ಬರುವ ಕಾರುಗಳು ಸೇತುವೆ ಹತ್ತಿ ಹಾಗೇ ಡೆಲ್ಟಾ ಹತ್ತಿರದ ತುಲ್ಚಾ ಊರಿನ ಕಡೆಗೆ ಹೋಗಿಬಿಡುತ್ತವೆ. ಊರೊಳಗೆ ಯಾಕೆ ಬರಬೇಕು ಅಂತ ಅವರಿಗೆ ತಿಳಿಯಬೇಕಲ್ಲ.

ಅದಕ್ಕೇ ಈ ಪತ್ರ. ಹೊಸ ಸೇತುವೆಗೆ ದುಡ್ಡು ಹೊಂದಿಸಿದ ದೇಶಕ್ಕೆ ಹಳೆಯ ಬೀದಿ ಉಳಿಸುವುದು ಆಗದ ಕೆಲಸವಲ್ಲ. ಪಾಳು ಬಿಟ್ಟ ಕಟ್ಟಡಗಳ ಮೇಲಿನ ತೆರಿಗೆಯನ್ನು 500% ವರೆಗೆ ಏರಿಸುವ ಅಧಿಕಾರವನ್ನು ನಿಮ್ಮ ದೇಶದ ಕಾನೂನು ನಗರಸಭೆಗಳಿಗೆ ಕೊಟ್ಟಿದೆ. ಆ ಅಧಿಕಾರವನ್ನು, ಮನೆ ಖರೀದಿಸಿ ಬೀಗ ಹಾಕಿ ತಾನಾಗಿ ಬೀಳಲಿ ಅಂತ ಕಾಯುವವರ ಮೇಲೆ ಬಳಸಿ. ಅಜ್ಜಿಯಂಥವರ ಮೇಲೆ ದಯವಿಟ್ಟು ಬೇಡ. ಪಿಂಚಣಿಯಲ್ಲಿ ಚಳಿಗಾಲದ ಗ್ಯಾಸ್ ಬಿಲ್ ಕಟ್ಟುವುದೇ ಅವರಿಗೆ ಕಷ್ಟ, ಗಾರೆ ಎಲ್ಲಿಂದ ಹಾಕಿಸುತ್ತಾರೆ? ಅಂಥ ಮನೆಗಳಿಗೆ ನಗರಸಭೆಯೇ ಮುಂದೆ ನಿಂತು ರಿಪೇರಿ ಮಾಡಿಸಿ, ಹಣವನ್ನು ಕಂತಿನಲ್ಲಿ ತೆಗೆದುಕೊಳ್ಳಬಹುದು. ದೇಶದ ಪಶ್ಚಿಮದ ಒರಾದೆಯಾ ನಗರಕ್ಕೆ ಒಮ್ಮೆ ಹೋಗಿದ್ದೆ, ಅಲ್ಲಿ ಹಳೆಯ ಮನೆಗಳ ಮುಖ ಸರಿಪಡಿಸುವ ಕೆಲಸವನ್ನು ನಗರಸಭೆ ಕೈಗೆತ್ತಿಕೊಂಡ ಮೇಲೆ ಊರೇ ಬೇರೆಯಾಗಿದೆ.

ಕಷ್ಟ ಏನು ಅನ್ನುವುದೂ ಗೊತ್ತಿದೆ. ಕಮ್ಯುನಿಸ್ಟರ ಕಾಲದಲ್ಲಿ ಸರ್ಕಾರ ಕಿತ್ತುಕೊಂಡ ಮನೆಗಳು ಆಮೇಲೆ ವಾರಸುದಾರರಿಗೆ ವಾಪಸ್ ಹೋದವು. ಕೆಲವಕ್ಕೆ ಐದಾರು ಜನ ವಾರಸುದಾರರು, ಒಬ್ಬರು ಕೆನಡಾ, ಒಬ್ಬರು ಇಸ್ರೇಲ್, ಕೇಸು ಮುಗಿಯುವುದಿಲ್ಲ. ಆದರೆ ಕೋರ್ಟು ತೀರ್ಪು ಕೊಡುವವರೆಗೆ ಮಳೆ ಕಾಯುವುದಿಲ್ಲ, ಮಾಡಿಗೆ ಒಂದು ಹೊದಿಕೆಯನ್ನಾದರೂ ಹಾಕಬಹುದು. ಊರಿನ ಕೆಳಗೆ ಹಳೆಯ ಸುರಂಗಗಳೂ ಇವೆ, ಭೂಕಂಪದ ವ್ರಾಂಚಾ ಸೀಮೆಯೂ ದೂರವಿಲ್ಲ. ಮೇಲೆ ಬಣ್ಣ ಬಳಿಯುವ ಮೊದಲು ಅಡಿಪಾಯ ಪರೀಕ್ಷೆ ಮಾಡಿಸಿ ಅಂತ ಕಟ್ಟುವ ಕೆಲಸ ಗೊತ್ತಿರುವವನಾಗಿ ಕೇಳುತ್ತೇನೆ.

ನಾನು ಇಲ್ಲಿ ಓಟು ಹಾಕುವವನಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ವಸಂತದಲ್ಲಿ ಸಮುದ್ರದಿಂದ ನದಿಗೆ ಹತ್ತಿ ಬರುವ ಸ್ಕ್ರುಂಬಿಯೆ ಮೀನನ್ನು ಅಜ್ಜಿ ಹುರಿದು ಒಂದು ತಟ್ಟೆ ನನಗೂ ಕಳಿಸುತ್ತಾರೆ, ಮೇ ತಿಂಗಳಲ್ಲಿ ಅಕೇಶಿಯಾ ಹೂವಿನ ವಾಸನೆ ಬೀದಿ ತುಂಬ ಇರುತ್ತದೆ, ಕೆಲಸ ಮುಗಿದ ಮೇಲೆ ನದಿ ದಂಡೆಯಲ್ಲಿ ಕೂತರೆ ನನಗೆ ನಮ್ಮ ಅಳಿವೆಬಾಗಿಲು ನೆನಪಾಗುತ್ತದೆ. ಊರು ನನ್ನನ್ನು ಹೊರಗಿನವನು ಅಂತ ನೋಡಲಿಲ್ಲ.

ಒಂದು ಕೋರಿಕೆ. ಯಾವುದಾದರೂ ಭಾನುವಾರ ಬೆಳಿಗ್ಗೆ ಕಾರು ಬಿಟ್ಟು, ತ್ರಾಯಾನ್ ಚೌಕದಿಂದ ನದಿಯವರೆಗೆ ನಡೆದು ಬನ್ನಿ. ಆ ಬಣ್ಣ ಹೋದ ಪಟ್ಟಿ ಕಟ್ಟಿದ ಮನೆ ದಾರಿಯಲ್ಲೇ ಸಿಗುತ್ತದೆ. ಕರೆದರೆ ನಾನೂ ಬರುತ್ತೇನೆ, ಅಜ್ಜಿಯೂ ಬರುತ್ತಾರಂತೆ. ಯಾವ ಮನೆ ಯಾರದು ಅಂತ ಅವರಿಗೆ ಎಲ್ಲ ಗೊತ್ತು.

ಇಂತಿ,
ನಿಮ್ಮ ಊರಿನ ಒಬ್ಬ ಕನ್ನಡಿಗ