ನಿನ್ನ ಕಣ್ಣಿನ ಹಿಂಭಾಗವನ್ನು ಯಾರಾದರೂ ನೋಡಿದ್ದಾರೆಯೇ, ವಸಂತ?

ಪ್ರಿಯ ವಸಂತ,

ಈ ಪತ್ರವನ್ನು ಲಕೋಟೆಯಲ್ಲಿಟ್ಟು ನಿನ್ನ ವಿಳಾಸಕ್ಕೆ ಕಳಿಸದೆ ಎಲ್ಲರ ಕಣ್ಣಿಗೆ ಬೀಳುವಂತೆ ಇಲ್ಲಿ ಹಾಕುತ್ತಿರುವುದಕ್ಕೆ ಕಾರಣವಿದೆ. ನಿನಗೊಬ್ಬನಿಗೇ ಬರೆದರೆ ‘ನೋಡೋಣ ಬಿಡು ಮಾರಾಯ’ ಎಂದು ಹೇಳಿ ವಿಷಯವನ್ನು ಅಲ್ಲಿಗೇ ಮುಗಿಸಿಬಿಡುತ್ತೀಯ. ನಮ್ಮ ಹಾಸ್ಟೆಲಿನ ಮಂದಿ, ನಿನ್ನ ಅಕ್ಕನ ಮಕ್ಕಳು, ನಿನ್ನ ಸಹೋದ್ಯೋಗಿಗಳು ಎಲ್ಲರೂ ಓದಿದರೆ ಅವರಲ್ಲಿ ಒಬ್ಬರಾದರೂ ನಿನ್ನ ಬೆನ್ನು ಹತ್ತಿಯೇ ಹತ್ತುತ್ತಾರೆ. ತಿಪಟೂರಿನ ಕೊಡೆಯ ಪ್ರಕರಣದಲ್ಲಿ ನೀನು ನನಗೆ ಮಾಡಿದ್ದೂ ಇದನ್ನೇ ಅಲ್ಲವೇ?

ಕಳೆದ ಸಲ ಫೋನಿನಲ್ಲಿ ಮಾತಾಡುವಾಗ, ಸಕ್ಕರೆ ಸ್ವಲ್ಪ ಏರಿಳಿಯುತ್ತಿದೆ, ಕನ್ನಡಕದ ನಂಬರು ಈ ವರ್ಷದಲ್ಲೇ ಎರಡು ಸಲ ಬದಲಾಯಿತು, ಆದರೆ ಕಣ್ಣಿಗೇನೂ ಆಗಿಲ್ಲ, ದೂರದ ಬಸ್ಸಿನ ಬೋರ್ಡನ್ನು ಎಲ್ಲರಿಗಿಂತ ಮೊದಲು ನಾನೇ ಓದುತ್ತೇನೆ ಎಂದೆ. ನಿನ್ನ ಈ ಧೈರ್ಯ ನನ್ನನ್ನು ಅಂದಿನಿಂದ ಕಾಡುತ್ತಿದೆ. ಏಕೆಂದರೆ ಚೆನ್ನಾಗಿ ಕಾಣುತ್ತಿದೆ ಎಂಬುದು ಕಣ್ಣು ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ ಎಂಬುದನ್ನು ಇತ್ತೀಚೆಗೆ ನಾನು ನನ್ನ ಮೈಮೇಲೆಯೇ ಕಲಿತಿದ್ದೇನೆ.

ಮೊದಲು ನಿನ್ನ ವಿಷಯ. ರಕ್ತದಲ್ಲಿನ ಸಕ್ಕರೆ ಏರಿದಾಗ ಕಣ್ಣಿನೊಳಗಿನ ಲೆನ್ಸು ನೀರು ಹೀರಿ ಉಬ್ಬುತ್ತದೆ, ಸಕ್ಕರೆ ಇಳಿದಾಗ ಹಿಂದಿನ ಸ್ಥಿತಿಗೆ ಮರಳುತ್ತದೆ. ಅದರ ಜೊತೆಗೆ ನಂಬರೂ ಬದಲಾಗುತ್ತದೆ. ಅದಕ್ಕೇ ಸಕ್ಕರೆ ಹಿಡಿತಕ್ಕೆ ಬಂದು ಕೆಲವು ವಾರ ಕಳೆಯುವವರೆಗೂ ಹೊಸ ಕನ್ನಡಕ ಮಾಡಿಸಬೇಡಿ ಎಂದು ವೈದ್ಯರು ಹೇಳುವುದು. ನಿನ್ನ ಎರಡು ಕನ್ನಡಕಗಳ ಹಣ ಹೋದದ್ದು ದೊಡ್ಡ ಮಾತಲ್ಲ. ಲೆನ್ಸನ್ನು ಹೀಗೆ ಆಡಿಸುತ್ತಿರುವ ಅದೇ ಸಕ್ಕರೆ ಇನ್ನೂ ಹಿಂದೆ, ಬೆಳಕು ಬಿದ್ದು ಚಿತ್ರ ಮೂಡುವ ಅಕ್ಷಿಪಟಲದಲ್ಲಿ ಏನು ಮಾಡುತ್ತಿದೆ ಎಂಬುದೇ ನನ್ನ ಚಿಂತೆ. ಅಲ್ಲಿರುವ ಕೂದಲಿಗಿಂತ ಸಣ್ಣ ರಕ್ತನಾಳಗಳ ಗೋಡೆ ಸಕ್ಕರೆಯಿಂದ ದುರ್ಬಲವಾಗಿ ಅಲ್ಲಲ್ಲಿ ಉಬ್ಬುತ್ತದೆ, ಸೋರುತ್ತದೆ, ಕೆಲವು ನಾಳಗಳು ಮುಚ್ಚಿಯೇ ಹೋಗುತ್ತವೆ. ರಕ್ತ ಸಾಲದಾದ ಜಾಗದಲ್ಲಿ ಹೊಸ ನಾಳಗಳು ಬೆಳೆಯತೊಡಗುತ್ತವೆ, ಆದರೆ ಅವು ಎಷ್ಟು ನಾಜೂಕೆಂದರೆ ತಾವಾಗಿಯೇ ಒಡೆದು ಕಣ್ಣಿನೊಳಗೆ ರಕ್ತ ತುಂಬಿಸಿಬಿಡುತ್ತವೆ. ಇಷ್ಟೆಲ್ಲ ನಡೆಯುತ್ತಿದ್ದರೂ ಅಕ್ಷಿಪಟಲದ ನಟ್ಟನಡುವಿನ ಭಾಗಕ್ಕೆ ತೊಂದರೆಯಾಗದಿದ್ದರೆ ಬಸ್ಸಿನ ಬೋರ್ಡು ಕಾಣುತ್ತಲೇ ಇರುತ್ತದೆ! ನೋವಿಲ್ಲ, ಕೆಂಪಿಲ್ಲ, ನೀರು ಸುರಿಯುವುದಿಲ್ಲ. ಬೇಗ ಕಂಡುಹಿಡಿದರೆ ಲೇಸರ್ ಇದೆ, ಕಣ್ಣಿನೊಳಗೆ ಕೊಡುವ ಇಂಜೆಕ್ಷನ್ ಇದೆ. ಹೆಚ್ಚಿನವರ ದೃಷ್ಟಿಯನ್ನು ಉಳಿಸಿಕೊಳ್ಳಬಹುದು. ಅದಕ್ಕೆ ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸುವ ಔಷಧಿ ಹಾಕಿಸಿಕೊಂಡು ಕಣ್ಣಿನ ಹಿಂಭಾಗವನ್ನು ತೋರಿಸಬೇಕು. ಕನ್ನಡಕದ ಅಂಗಡಿಯಲ್ಲಿ ಅಕ್ಷರ ಓದಿಸಿ ನಂಬರು ಕೊಡುವುದು ಈ ಪರೀಕ್ಷೆಯಲ್ಲ. ನಿನಗೆ ಸಕ್ಕರೆ ಇದೆ ಎಂದು ಗೊತ್ತಾಗಿ ಎಷ್ಟು ವರ್ಷವಾಯಿತು, ಅಷ್ಟರಲ್ಲಿ ಆ ಔಷಧಿ ಒಮ್ಮೆಯಾದರೂ ನಿನ್ನ ಕಣ್ಣಿಗೆ ಬಿದ್ದಿದೆಯೇ? ಉತ್ತರವನ್ನು ಇಲ್ಲಿಯೇ, ಎಲ್ಲರೆದುರಿಗೆ ಬರೆಯಬೇಕು.

ನಾವೆಲ್ಲ ಕಣ್ಣಿನ ಬಗ್ಗೆ ಇಷ್ಟು ನಿಶ್ಚಿಂತೆಯಿಂದ ಇರುವುದಕ್ಕೆ ಒಂದು ಕಾರಣ ನಮ್ಮ ನಾಡಿನ ನೆನಪಿನಲ್ಲೇ ಇದೆ ಎಂದು ನನಗನ್ನಿಸುತ್ತದೆ. ನಿನ್ನ ಅಜ್ಜಿಗೆ ಪೊರೆ ತೆಗೆದದ್ದು ಡಾ. ಎಂ.ಸಿ. ಮೋದಿಯವರ ಶಿಬಿರದಲ್ಲಲ್ಲವೇ? ಬೀಳಗಿಯಲ್ಲಿ ಹುಟ್ಟಿದ ಆ ಪುಣ್ಯಾತ್ಮರು ಊರೂರು ತಿರುಗಿ ಬಡವರಿಗೆ ಉಚಿತವಾಗಿ ಪೊರೆಯ ಶಸ್ತ್ರಚಿಕಿತ್ಸೆ ಮಾಡಿದರು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂದವು. ಆಗ ಮಸುಕಾದ ಲೆನ್ಸನ್ನು ತೆಗೆದುಹಾಕುತ್ತಿದ್ದರು, ಅದರ ಜಾಗಕ್ಕೆ ಏನನ್ನೂ ಇಡುತ್ತಿರಲಿಲ್ಲ. ಅದಕ್ಕೇ ಅಜ್ಜಿಯ ಕನ್ನಡಕದ ಗಾಜು ಅಷ್ಟು ದಪ್ಪವಿದ್ದು, ಅದರ ಹಿಂದಿನ ಕಣ್ಣು ನಮ್ಮನ್ನೇ ನುಂಗುವಷ್ಟು ದೊಡ್ಡದಾಗಿ ಕಾಣುತ್ತಿದ್ದದ್ದು. ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲೇ ಕಣ್ಣಿನೊಳಗೆ ಕೃತಕ ಲೆನ್ಸು ಇಟ್ಟಿದ್ದರು. ಯುದ್ಧವಿಮಾನದ ಕಿಟಕಿಯ ಪ್ಲಾಸ್ಟಿಕ್ ಚೂರುಗಳು ಪೈಲಟ್‌ಗಳ ಕಣ್ಣು ಹೊಕ್ಕರೂ ಕಣ್ಣು ಅದನ್ನು ಸಹಿಸಿಕೊಂಡದ್ದನ್ನು ನೋಡಿ ಅವರಿಗೆ ಈ ಯೋಚನೆ ಬಂದಿತ್ತು. ಅದು ನಮ್ಮ ಹಳ್ಳಿಗಳನ್ನು ತಲುಪಲು ಹಲವು ದಶಕಗಳೇ ಬೇಕಾದವು. ಈಗ ಸಣ್ಣ ಗಾಯದ ಮೂಲಕ ಪೊರೆಯನ್ನು ಕರಗಿಸಿ ತೆಗೆದು, ಮಡಿಸಿದ ಲೆನ್ಸನ್ನು ಒಳಗೆ ಬಿಡಿಸಿ ಅಂದೇ ಮನೆಗೆ ಕಳಿಸುತ್ತಾರೆ. ಪೊರೆ ಹಣ್ಣಾಗಲಿ ಎಂದು ಕಾಯುವ ಅಗತ್ಯವೂ ಇಲ್ಲ.

ಕುರುಡಾದವರು ಕಟ್ಟು ಬಿಚ್ಚಿದ ಕೂಡಲೇ ಮೊಮ್ಮಕ್ಕಳ ಮುಖ ಗುರುತಿಸುವುದನ್ನು ನಮ್ಮ ಹಿರಿಯರು ಕಂಡರು. ಹಾಗಾಗಿ ಕಣ್ಣು ಹೋದರೆ ಆಪರೇಷನ್ ಮಾಡಿಸಿದರಾಯಿತು ಎಂಬ ನಂಬಿಕೆ ಮನೆಮನೆಯಲ್ಲೂ ನೆಲೆನಿಂತಿತು. ಪೊರೆಯ ಮಟ್ಟಿಗೆ ಅದು ನಿಜ, ನರದ ಮಟ್ಟಿಗೆ ನಿಜವಲ್ಲ. ಡಾ. ರಾಜಕುಮಾರ್ ಅವರ ಕಣ್ಣುಗಳು 2006ರಲ್ಲಿ, ಪುನೀತ್ ಅವರ ಕಣ್ಣುಗಳು 2021ರಲ್ಲಿ ದಾನವಾದವು. ಪುನೀತ್ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು ಎಂದು ಓದಿ ನಾವಿಬ್ಬರೂ ಅಂದು ಫೋನಿನಲ್ಲಿ ಮಾತು ಹೊರಡದೆ ಕೂತಿದ್ದೆವು. ಅಲ್ಲಿ ಕಸಿ ಮಾಡಿದ್ದು ಕಣ್ಣಿನ ಮುಂದಿನ ಪಾರದರ್ಶಕ ಪರದೆಯಾದ ಕಾರ್ನಿಯಾವನ್ನು ಮಾತ್ರ. ಅದರ ಮುಂದಿನ ಪದರವನ್ನೂ ಹಿಂದಿನ ಪದರವನ್ನೂ ಬೇರ್ಪಡಿಸಿದ್ದರಿಂದ ಎರಡು ನಾಲ್ಕಾಯಿತು. ಇಡೀ ಕಣ್ಣುಗುಡ್ಡೆಯನ್ನು ತಂದಿಟ್ಟು ಕಾಣಿಸುವುದು ಇಂದಿಗೂ ಸಾಧ್ಯವಾಗಿಲ್ಲ, ಏಕೆಂದರೆ ಕಣ್ಣಿನಿಂದ ಮೆದುಳಿಗೆ ಹೋಗುವ ಸುಮಾರು ಹತ್ತು ಲಕ್ಷ ಎಳೆಗಳ ಆ ನರವನ್ನು ಕಡಿದರೆ ಮತ್ತೆ ಜೋಡಿಸಲು ಬರುವುದಿಲ್ಲ.

ನನಗೆ ಬಂದಿರುವುದು ಆ ನರದ ಕಾಯಿಲೆ. ಗ್ಲಾಕೋಮಾ.

ಕಣ್ಣಿನೊಳಗೆ ಸದಾ ತಿಳಿನೀರು ಉತ್ಪತ್ತಿಯಾಗುತ್ತಿರುತ್ತದೆ, ಸಣ್ಣ ಜಾಲರಿಯೊಂದರ ಮೂಲಕ ಹೊರಹೋಗುತ್ತಿರುತ್ತದೆ. ನಲ್ಲಿ ತೆರೆದೇ ಇದ್ದು ಬಚ್ಚಲಿನ ಕಿಂಡಿ ಕಟ್ಟಿಕೊಂಡ ಹಾಗೆ ಆ ಜಾಲರಿ ಮಂದವಾದರೆ ಒಳಗಿನ ಒತ್ತಡ ಏರಿ ನರದ ಎಳೆಗಳು ಒಂದೊಂದಾಗಿ ಸಾಯುತ್ತವೆ. ಪಾದರಸದ ಅಳತೆಯಲ್ಲಿ 10ರಿಂದ 21 ಮಿಲಿಮೀಟರ್‌ವರೆಗಿನ ಒತ್ತಡ ಸಾಮಾನ್ಯವೆನ್ನುತ್ತಾರೆ. ನನ್ನದು ಆ ಮಿತಿಯೊಳಗೇ ಇತ್ತು, ಆದರೂ ನರ ಸವೆದಿತ್ತು. ಕೆಲವರ ನರ ಸಾಮಾನ್ಯ ಒತ್ತಡವನ್ನೂ ತಾಳುವುದಿಲ್ಲವಂತೆ. ಚಾಳೀಸಿನ ನಂಬರು ಬದಲಿಸಲು ಹೋದ ನನ್ನ ಪಾಪೆ ಹಿಗ್ಗಿಸಿ ಒಳಗೆ ನೋಡಿದ ಡಾಕ್ಟರು, ನರದ ನಡುವಿನ ಕುಳಿ ಅಗಲವಾಗಿದೆ, ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇತ್ತೇ ಎಂದು ಕೇಳಿದರು. ಅಪ್ಪನಿಗೆ ಕೊನೆಗಾಲದಲ್ಲಿ ‘ಕಣ್ಣಿನ ನರ ಒಣಗಿದೆ’ ಎಂದಿದ್ದರು ಎಂಬುದು ನನಗೆ ಆಗ ನೆನಪಾಯಿತು. ತಂದೆತಾಯಿಗೋ ಒಡಹುಟ್ಟಿದವರಿಗೋ ಇದ್ದರೆ ನಮಗೂ ಬರುವ ಅಪಾಯ ಹಲವು ಪಟ್ಟು ಹೆಚ್ಚು.

ಆಮೇಲೆ ಫೀಲ್ಡ್ ಟೆಸ್ಟ್ ಎಂಬುದಕ್ಕೆ ಕೂರಿಸಿದರು. ಕತ್ತಲೆಯ ಕೋಣೆ, ಒಂದು ಕಣ್ಣಿಗೆ ಪಟ್ಟಿ, ಗದ್ದವನ್ನು ಇಡಲು ಒಂದು ಆಸರೆ, ಎದುರಿಗೆ ಬಿಳಿಯ ಗೋಳಾಕಾರದ ಬೋಗುಣಿಯಂಥ ಪರದೆ, ಕೈಯಲ್ಲಿ ಒಂದು ಗುಂಡಿ. ನಡುವಿನ ದೀಪವನ್ನೇ ದಿಟ್ಟಿಸುತ್ತಿರಬೇಕು. ಅಂಚಿನಲ್ಲಿ ಎಲ್ಲಾದರೂ ಬೆಳಕಿನ ಚುಕ್ಕೆ ಮಿನುಗಿದರೆ ಗುಂಡಿ ಒತ್ತಬೇಕು. ಚುಕ್ಕೆಗಳು ಬರುಬರುತ್ತಾ ಮಂಕಾಗುತ್ತವೆ. ಮಿನುಗಿತೋ ಮಿನುಗಿದಂತೆ ಅನ್ನಿಸಿತೋ ಎಂದು ಅನುಮಾನಿಸುತ್ತಾ, ರೆಪ್ಪೆ ಬಡಿಯಲೂ ಹೆದರುತ್ತಾ ಕೂತಿದ್ದೆ. ಯಂತ್ರದ ಗುರ್ ಸದ್ದು ಬಿಟ್ಟರೆ ಏನೂ ಇಲ್ಲದಾದಾಗ ಬೆನ್ನು ಬೆವರಿತು. ಕಣ್ಣಿನ ಮಿತಿ ಎಲ್ಲಿದೆಯೆಂದು ಹುಡುಕುವ ಪರೀಕ್ಷೆ ಇದಾದ್ದರಿಂದ ಕಣ್ಣು ಸರಿಯಿದ್ದವರಿಗೂ ಸುಮಾರು ಅರ್ಧದಷ್ಟು ಚುಕ್ಕೆಗಳು ಕಾಣುವುದಿಲ್ಲ ಎಂದು ಆಮೇಲೆ ತಿಳಿಯಿತು; ನಿನಗೂ ಮಾಡಿಸಿದರೆ ಗಾಬರಿಯಾಗಬೇಡವೆಂದು ಮೊದಲೇ ಹೇಳಿಡುತ್ತಿದ್ದೇನೆ. ನನ್ನ ಬಲಗಣ್ಣಿನ ಫಲಿತಾಂಶದ ಕಾಗದದಲ್ಲಿ ಮಾತ್ರ ಮೂಗಿನ ಕಡೆಯ ಮೇಲ್ಭಾಗದಲ್ಲಿ ಒಂದು ಕಪ್ಪು ತೇಪೆ ಇತ್ತು.

ಆ ತೇಪೆ ನನಗೆ ಕಾಣುವುದಿಲ್ಲ, ವಸಂತ. ಅಲ್ಲಿ ಕಪ್ಪಿಲ್ಲ, ಮಸುಕಿಲ್ಲ. ಗೋಡೆಯಿದ್ದರೆ ಗೋಡೆ, ಆಕಾಶವಿದ್ದರೆ ಆಕಾಶ. ಇಲ್ಲದ ಭಾಗವನ್ನು ಮೆದುಳು ಅಕ್ಕಪಕ್ಕದ ಬಣ್ಣದಿಂದ ತುಂಬಿಬಿಡುತ್ತದೆ, ಇನ್ನೊಂದು ಕಣ್ಣೂ ತನ್ನ ಪಾಲು ಕೊಡುತ್ತದೆ. ಬೇಕಿದ್ದರೆ ಈಗಲೇ ಮಾಡಿ ನೋಡು: ಗೆರೆ ಹಾಕಿದ ಹಾಳೆಯ ಮೇಲೆ ಎಡಕ್ಕೊಂದು ಕೂಡಿಸುವ ಚಿಹ್ನೆ, ಎಂಟು ಸೆಂಟಿಮೀಟರ್ ಬಲಕ್ಕೆ ಒಂದು ಚುಕ್ಕೆ ಬರೆ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಆ ಚಿಹ್ನೆಯನ್ನೇ ನೋಡುತ್ತಾ ಹಾಳೆಯನ್ನು ನಿಧಾನವಾಗಿ ಹತ್ತಿರಕ್ಕೆ ತಾ. ಸುಮಾರು ಮೂವತ್ತು ಸೆಂಟಿಮೀಟರ್ ದೂರದಲ್ಲಿ ಚುಕ್ಕೆ ಮಾಯವಾಗುತ್ತದೆ, ಗೆರೆ ಮಾತ್ರ ಕಡಿಯದೆ ಸಾಗಿದಂತೆಯೇ ಕಾಣುತ್ತದೆ. ನರವು ಕಣ್ಣಿನಿಂದ ಹೊರಬೀಳುವ ಜಾಗದಲ್ಲಿ ಎಲ್ಲರಿಗೂ ಇರುವ ಈ ಕುರುಡು ಬಿಂದುವನ್ನು ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಎಡ್ಮೆ ಮಾರಿಯೊಟ್ ತೋರಿಸಿಕೊಟ್ಟರು. ಅಲ್ಲಿಯವರೆಗೆ ಯಾರೂ ಅದನ್ನು ಗಮನಿಸಿರಲಿಲ್ಲ ಎಂದರೆ ಮೆದುಳಿನ ಕೈಚಳಕ ಎಂಥದ್ದಿರಬೇಕು!

ಇಲ್ಲಿಗೆ ನಿಲ್ಲಿಸಬೇಕೆಂದಿದ್ದೆ. ಆದರೆ ಬರೆಯುತ್ತಾ ಬರೆಯುತ್ತಾ ಇಷ್ಟು ದೂರ ಬಂದಾಯಿತು, ಉಳಿದದ್ದನ್ನೂ ಹೇಳಿಬಿಡುತ್ತೇನೆ. ಕರಡು ತಿದ್ದುವುದೇ ನನ್ನ ಬದುಕು, ನಿನಗೆ ಗೊತ್ತು. ಈ ಕಾಯಿಲೆ ನಡುವಿನ ದೃಷ್ಟಿಯನ್ನು ಸಾಮಾನ್ಯವಾಗಿ ಕೊನೆಯವರೆಗೂ ಬಿಟ್ಟಿರುವುದರಿಂದ ಒತ್ತಕ್ಷರದ ಬಾಲವೂ ನನಗೆ ಇವತ್ತಿಗೂ ಸ್ಪಷ್ಟವಾಗಿ ಕಾಣುತ್ತದೆ. ಹಾಗಿದ್ದರೂ ರಾತ್ರಿ ಎಲ್ಲರೂ ಮಲಗಿದ ಮೇಲೆ ಒಂದು ಕಣ್ಣು ಮುಚ್ಚಿಕೊಂಡು ಗೋಡೆಯ ಕ್ಯಾಲೆಂಡರಿನ ಮೂಲೆಗಳನ್ನು ಪರೀಕ್ಷಿಸುತ್ತೇನೆ. ಹೀಗೆ ನೋಡಿ ತಿಳಿಯುವಂಥದ್ದು ಏನೂ ಇಲ್ಲ ಎಂದು ಗೊತ್ತಿದ್ದೂ ಮಾಡುತ್ತೇನೆ. ಅಪ್ಪ ಕೊನೆಯ ವರ್ಷಗಳಲ್ಲಿ ಪುಸ್ತಕವನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡು ಪುಟ ತಿರುಗಿಸದೆ ಕೂರುತ್ತಿದ್ದರು. ಅವರು ಓದುತ್ತಿಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಕೇಳುತ್ತಿರಲಿಲ್ಲ. ನಾನೂ ಹಾಗೆ ಕೂರುವ ದಿನ ಬಂದರೆ ಏನು ಮಾಡಲಿ ಎಂಬ ಭಯವನ್ನು ಹೆಂಡತಿಗೂ ಹೇಳಿಲ್ಲ. ಅವಳು ಇದನ್ನು ಇಲ್ಲಿ ಓದುತ್ತಾಳೆ ಎಂಬುದು ಈಗ ಹೊಳೆಯುತ್ತಿದೆ; ಇರಲಿ, ಓದಲಿ.

ಭಯಕ್ಕೆ ಉತ್ತರವೂ ಇದೆ. ಹೋದದ್ದು ಬರುವುದಿಲ್ಲ, ಆದರೆ ಇರುವುದನ್ನು ಕಾಪಾಡಿಕೊಳ್ಳಬಹುದು. ದಿನವೂ ಮಲಗುವ ಮುನ್ನ ಕೆಳರೆಪ್ಪೆಯನ್ನು ತುಸು ಎಳೆದು ಒಂದೇ ಒಂದು ಹನಿ ಬಿಡುತ್ತೇನೆ, ಕಣ್ಣು ಮುಚ್ಚಿ ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿ ಹಿಡಿಯುತ್ತೇನೆ. ಇದರಿಂದ ಔಷಧಿ ಮೂಗಿನ ದಾರಿಯಲ್ಲಿ ಇಳಿದು ಮೈಗೆ ಸೇರದೆ ಕಣ್ಣಿನಲ್ಲೇ ನಿಲ್ಲುತ್ತದೆ. ಒತ್ತಡ ಇಳಿದಿದೆ. ತಮ್ಮನೂ ಪರೀಕ್ಷೆ ಮಾಡಿಸಿಕೊಂಡ, ಅವನ ಕಣ್ಣು ಸರಿಯಾಗಿದೆ. ಇದೇ ಔಷಧಿಯಿಂದ ನನ್ನ ರೆಪ್ಪೆಗೂದಲು ಉದ್ದವಾಗಿ, ದಟ್ಟವಾಗಿ ಬೆಳೆಯುತ್ತಿದೆ! ಮಗಳು ದಿನವೂ ಹತ್ತಿರ ಬಂದು ನೋಡಿ, ‘ಅಪ್ಪಾ, ಇದು ಅನ್ಯಾಯ’ ಎನ್ನುತ್ತಾಳೆ.

ಇನ್ನು ನಿನ್ನ ಮನೆಯವರ ವಿಷಯ. ನಿನ್ನ ಅಣ್ಣನಿಗೆ ಭತ್ತದ ಗರಿ ಕಣ್ಣಿಗೆ ಬಡಿದಾಗ ಹರಳೆಣ್ಣೆ ಬಿಟ್ಟುಕೊಂಡರು, ಕೆಂಪು ಇಳಿಯದಿದ್ದಾಗ ಔಷಧಿ ಅಂಗಡಿಯಿಂದ ಯಾವುದೋ ಡ್ರಾಪ್ಸ್ ತಂದರು ಎಂದೆಯಲ್ಲ, ಆ ಮಾತು ಕೇಳಿ ನನಗೆ ನಿಜವಾಗಿಯೂ ಸಿಟ್ಟು ಬಂತು. ಗರಿ, ಹೊಟ್ಟು, ಕಬ್ಬಿನ ಎಲೆ ತಾಗಿದ ಗಾಯದಲ್ಲಿ ಶಿಲೀಂಧ್ರ ಬೆಳೆದು ಕಾರ್ನಿಯಾ ಹುಣ್ಣಾಗಬಹುದು. ಅಂಥ ಕಣ್ಣಿಗೆ ಸ್ಟಿರಾಯ್ಡ್ ಇರುವ ಹನಿ ಹಾಕಿದರೆ ಕೆಂಪು ಕಡಿಮೆಯಾಗಿ ಸಮಾಧಾನ ಸಿಗುತ್ತದೆ, ಒಳಗೆ ಹುಣ್ಣು ಮಾತ್ರ ಬೇಗ ಬೇಗ ಹರಡುತ್ತದೆ. ಅದನ್ನೇ ತಿಂಗಳುಗಟ್ಟಲೆ ಹಾಕಿಕೊಂಡವರಿಗೆ ಗ್ಲಾಕೋಮಾವೂ ಪೊರೆಯೂ ಬರುತ್ತವೆ. ನಿನ್ನ ಅಕ್ಕನ ಮೊಮ್ಮಗುವಿನ ಮೆಳ್ಳೆಗಣ್ಣನ್ನು ಅದೃಷ್ಟವೆಂದು ಬಿಡಬಾರದು. ಒಂದೇ ವಸ್ತು ಎರಡಾಗಿ ಕಾಣುವುದನ್ನು ತಪ್ಪಿಸಲು ಮೆದುಳು ಆ ಕಣ್ಣಿನ ಚಿತ್ರವನ್ನೇ ಕೈಬಿಡುತ್ತದೆ. ಆರೇಳು ವರ್ಷದೊಳಗೆ ಕನ್ನಡಕ ಹಾಕಿಸಿ, ಒಳ್ಳೆಯ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ ಕಟ್ಟಿದರೆ ದೃಷ್ಟಿ ಬರುವ ಸಾಧ್ಯತೆ ಹೆಚ್ಚು, ಬೆಳೆದ ಮೇಲೆ ಕಷ್ಟ. ಮತ್ತೆ ಯಾರಿಗೇ ಆಗಲಿ ಥಟ್ಟನೆ ಕಣ್ಣಿಗೆ ಪರದೆ ಬಿದ್ದಂತಾದರೆ, ಮಿಂಚು ಹೊಡೆದಂತಾಗಿ ಕಪ್ಪು ಚುಕ್ಕೆಗಳು ಸುರಿದರೆ, ಅಥವಾ ಕಣ್ಣು ಕೆಂಪಾಗಿ ವಿಪರೀತ ನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಂಡರೆ ಬೆಳಗಾಗುವುದನ್ನು ಕಾಯಬೇಡಿ, ಅಂದೇ ಆಸ್ಪತ್ರೆಗೆ ಹೋಗಿ.

ಬರುವ ಶನಿವಾರ ಬೆಳಗಿನ ರೈಲಿಗೆ ದಾವಣಗೆರೆಗೆ ಬರುತ್ತಿದ್ದೇನೆ. ನಿನ್ನ ಸಕ್ಕರೆಯ ಹಳೆಯ ರಿಪೋರ್ಟುಗಳು, ಎರಡೂ ಕನ್ನಡಕಗಳು, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ ಎಲ್ಲವನ್ನೂ ಒಂದು ಚೀಲದಲ್ಲಿ ಇಟ್ಟಿರು. ಪಾಪೆ ಹಿಗ್ಗಿಸಿದ ಮೇಲೆ ನಾಲ್ಕಾರು ಗಂಟೆ ಹತ್ತಿರದ್ದು ಮಸುಕು, ಬಿಸಿಲು ತಡೆಯುವುದಿಲ್ಲ. ಆದ್ದರಿಂದ ಸ್ಕೂಟರಿನ ಕೀಲಿ ನನ್ನ ಕೈಗೆ ಬರಬೇಕು. ಬೆಣ್ಣೆದೋಸೆ ಪರೀಕ್ಷೆ ಮುಗಿದ ಮೇಲೆಯೇ, ಅದೂ ನಿನಗೆ ಒಂದೇ ಒಂದು. ಅಣ್ಣನನ್ನೂ ಹೊರಡಿಸಿರು, ಅವರ ಕಣ್ಣನ್ನೂ ತೋರಿಸಿಕೊಂಡು ಬರೋಣ.

ಇಂತಿ ನಿನ್ನ,
ಗೋಪಿ