ಶಾರ್ಟ್ ಸೆಲ್ಲರ್‌ಗಳ ವರದಿ: ಸದಸ್ಯರ ಗಮನಕ್ಕೆ

ಎಲ್ಲ ಸದಸ್ಯರಿಗೂ ನಮಸ್ಕಾರ. ನಮ್ಮಲ್ಲಿ ಅನೇಕರು ಷೇರು ಹೊಂದಿರುವ ಕಂಪನಿಯ ವಿರುದ್ಧ ಶಾರ್ಟ್ ಸೆಲ್ಲರ್‌ಗಳ (ಷೇರು ಬೆಲೆ ಇಳಿದರೆ ಲಾಭ ಪಡೆಯುವವರ) ವರದಿಯೊಂದು ಬಂದಿದ್ದು, ಯಾರೂ ಗಾಬರಿಯಿಂದ ಮಾರಬಾರದೆಂದು ಕೋರುತ್ತೇನೆ. ಶಾರ್ಟ್ ಮಾಡುವವರು ಮಾರುವುದು ಎರವಲು ಪಡೆದ ಷೇರುಗಳನ್ನು; ಬೆಲೆ ಇಳಿದ ಮೇಲೆ ಅಗ್ಗಕ್ಕೆ ಕೊಂಡು ಹಿಂದಿರುಗಿಸುವುದು ಅವರ ಲೆಕ್ಕಾಚಾರ. ಮಾರ್ಜಿನ್ ಖಾತೆಯಲ್ಲಿರುವ (ಬ್ರೋಕರ್‌ನಿಂದ ಸಾಲ ಪಡೆದು ಷೇರು ಕೊಳ್ಳಬಹುದಾದ ಖಾತೆ) ನಿಮ್ಮ ಷೇರುಗಳನ್ನೇ ಬ್ರೋಕರ್ ಹಾಗೆ ಎರವಲು ಕೊಡುವ ಸಾಧ್ಯತೆಯಿರುವುದರಿಂದ, ಒಪ್ಪಂದದ ಆ ಷರತ್ತನ್ನು ಓದಿ, ನಿಮಗದು ಒಪ್ಪಿಗೆಯಾಗದಿದ್ದರೆ ಷೇರುಗಳನ್ನು ಸಾಲದ ಸೌಲಭ್ಯವಿಲ್ಲದ ನಗದು ಖಾತೆಗೆ ವರ್ಗಾಯಿಸಿಕೊಳ್ಳುವ ಬಗ್ಗೆ ಬ್ರೋಕರ್ ಬಳಿ ವಿಚಾರಿಸಿ. ಕಂಪನಿಯಾದರೋ ಪ್ರತಿ ಆರೋಪಕ್ಕೂ ದಾಖಲೆ ಸಹಿತ ಉತ್ತರಿಸಬೇಕು, ವರದಿ ಬರೆದವರನ್ನು ಬೈದರೆ ಸಾಲದು. 2020ರಲ್ಲಿ ಜರ್ಮನಿಯ ಪಾವತಿ ಸೇವಾ ಕಂಪನಿ ವೈರ್‌ಕಾರ್ಡ್‌ನ ಲೆಕ್ಕದಲ್ಲಿದ್ದ 190 ಕೋಟಿ ಯೂರೊ ಕಾಣೆಯಾಗಿರುವುದು ಬಯಲಾದಾಗ, ಆ ಕಂಪನಿ ದೂಷಿಸುತ್ತಲೇ ಬಂದಿದ್ದ ಟೀಕಾಕಾರರ ಸಂಶಯ ಸುಳ್ಳಾಗಿರಲಿಲ್ಲ. ಆಡಳಿತ ಮಂಡಳಿಗೆ ಬರೆಯಲಿರುವ ಜಂಟಿ ಪತ್ರಕ್ಕೆ ನಿಮ್ಮ ಪ್ರಶ್ನೆಗಳನ್ನು ಶುಕ್ರವಾರ ಸಂಜೆಯೊಳಗೆ ಇಲ್ಲಿಯೇ ಕಳುಹಿಸಿ; ಮೂಲ ತಿಳಿಯದ ಸುದ್ದಿಗಳನ್ನು ದಯವಿಟ್ಟು ಹಂಚಬೇಡಿ.