ಸೆನ್ಸರ್ ಬದಲಿಸುವ ಮೊದಲು ಮೀಟರ್ ಹಿಡಿಯಲಿ

ಮಾನ್ಯ ಸಂಪಾದಕರೇ,

ಗದಗ, ಅಣ್ಣಿಗೇರಿ, ನವಲಗುಂದ ಸುತ್ತಲಿನ ಎರೆಹೊಲಗಳಲ್ಲಿ ಕೃಷಿ ಹೊಂಡ ತೋಡುವುದು, ಬದು ಹಾಕುವುದು, ಹಳ್ಳದ ಹೂಳೆತ್ತುವುದು ಎಲ್ಲವೂ ಈಗ ಎಕ್ಸ್‌ಕವೇಟರ್‌ಗಳಿಂದಲೇ ಆಗುತ್ತಿದೆ. ಯಾವ ಕಂಪನಿಯದಾದರೂ ನಮ್ಮ ಜನ ಅದನ್ನು ‘ಹಿಟಾಚಿ’ ಎಂದೇ ಕರೆಯುತ್ತಾರೆ. ಹೊಸದನ್ನು ಕೊಳ್ಳುವ ಶಕ್ತಿಯಿಲ್ಲದ ನನ್ನಂಥವರು ಸಾಲ ಮಾಡಿ ಹಳೆಯ ಯಂತ್ರ ತರುತ್ತೇವೆ. ಎಂಜಿನ್, ಪಂಪ್, ಚೈನ್ ಕೆಟ್ಟರೆ ಕೈಹಿಡಿದು ಸರಿಮಾಡುವ ಮೇಸ್ತ್ರಿಗಳು ಹುಬ್ಬಳ್ಳಿಯಲ್ಲೂ ಗದಗಿನಲ್ಲೂ ಬೇಕಾದಷ್ಟು ಜನ ಇದ್ದಾರೆ. ಆದರೆ ಒತ್ತಡ, ಉಷ್ಣಾಂಶಗಳನ್ನು ಅಳೆದು ತಿಳಿಸುವ ಸೆನ್ಸರ್‌ಗಳ ದೋಷ ಬಂದಾಗ ಅದನ್ನು ಅಳೆದು ಪತ್ತೆಹಚ್ಚುವವರು ಬಹಳ ಕಡಿಮೆ. ಅಂದಾಜಿನ ಮೇಲೆ ಒಂದೊಂದೇ ಸೆನ್ಸರ್ ಬದಲಿಸುತ್ತ ಹೋಗುವ ರೂಢಿ ಬೆಳೆದಿದ್ದು, ಅದರ ಖರ್ಚು ಮಾಲೀಕನ ತಲೆಗೆ ಬೀಳುತ್ತಿದೆ.

ನನ್ನದೇ ಅನುಭವ ಹೇಳುತ್ತೇನೆ. ಕಳೆದ ಮುಂಗಾರಿನಲ್ಲಿ ನವಲಗುಂದದ ಹತ್ತಿರ ಕೆಲಸ ನಡೆದಿದ್ದಾಗ, ನನ್ನ 20 ಟನ್‌ನ ಯಂತ್ರ ಬೂಮ್ (ಉದ್ದನೆಯ ತೋಳು) ಎತ್ತಿದೊಡನೆ ಶಕ್ತಿ ಕಳೆದುಕೊಂಡು ನಿಧಾನವಾಗತೊಡಗಿತು. ಮಾನಿಟರ್ ಮೇಲೆ ಪಂಪ್ ಒತ್ತಡದ ಸೆನ್ಸರ್‌ನ ದೋಷ ಸೂಚಿಸುವ ಕೋಡ್ ಬಂತು. ಒಂದು ವರ್ಕ್‌ಶಾಪಿನವರು ಆ ಸೆನ್ಸರ್ ಬದಲಿಸಿದರು. ಎರಡು ದಿನ ನಡೆದ ಯಂತ್ರ ಮತ್ತೆ ನಿಂತಿತು, ಈ ಸಲ ಲಿವರ್‌ಗಳ ಆದೇಶ ಒಯ್ಯುವ ಪೈಲಟ್ ಎಣ್ಣೆಯ ಒತ್ತಡದ ಸೆನ್ಸರ್‌ನ ಕೋಡ್ ಕೂಡ ಜೊತೆಗೂಡಿತ್ತು. ಅದನ್ನೂ ಬದಲಿಸಿದರು. ಕೊನೆಗೆ ‘ಕಂಟ್ರೋಲರ್ (ಯಂತ್ರದ ಕಂಪ್ಯೂಟರ್) ಹೋಗಿದೆ, ಹೊಸದು ತರಿಸಬೇಕು’ ಎಂದರು. ಇಷ್ಟೆಲ್ಲ ಆಗುವವರೆಗೆ ಯಾರೊಬ್ಬರೂ ಮೀಟರ್ ಹೊರತೆಗೆದಿರಲಿಲ್ಲ.

ಆಮೇಲೆ ಹುಬ್ಬಳ್ಳಿಯಿಂದ ಬಂದ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರು ಎಂಜಿನ್ ಚಾಲೂ ಮಾಡದೆ ಕೀಲಿಯನ್ನಷ್ಟೇ ಆನ್ ಮಾಡಿ, ಸೆನ್ಸರ್‌ನ ಕನೆಕ್ಟರ್ ಬಿಚ್ಚಿ ಡಿಜಿಟಲ್ ಮೀಟರ್ ಹಿಡಿದರು. ಯಂತ್ರದ ಬ್ಯಾಟರಿ 24 ವೋಲ್ಟ್‌ನದಾದರೂ ಇಂಥ ಸೆನ್ಸರ್‌ಗಳಿಗೆ ಕಂಟ್ರೋಲರ್‌ನಿಂದ ಬರುವುದು ಸಾಮಾನ್ಯವಾಗಿ 5 ವೋಲ್ಟ್. ಒತ್ತಡಕ್ಕೆ ತಕ್ಕಂತೆ ಸೆನ್ಸರ್ ಸುಮಾರು 0.5ರಿಂದ 4.5 ವೋಲ್ಟ್‌ವರೆಗಿನ ಸಂಕೇತವನ್ನು ಹಿಂದಕ್ಕೆ ಕಳಿಸುತ್ತದೆ. ನನ್ನ ಯಂತ್ರದಲ್ಲಿ 5 ವೋಲ್ಟ್ ಇರಬೇಕಾದ ತಂತಿಯಲ್ಲಿ ಒಂದು ವೋಲ್ಟೂ ಇರಲಿಲ್ಲ. ಅದೇ ತಂತಿ ಹಲವು ಸೆನ್ಸರ್‌ಗಳಿಗೆ ಹಂಚಿಹೋಗುವುದರಿಂದ ಒಂದು ಕಡೆ ಶಾರ್ಟ್ ಆದರೂ ಎಲ್ಲವೂ ಕೆಟ್ಟಂತೆ ಕಾಣುತ್ತವೆ. ಅವರು ಸೆನ್ಸರ್‌ಗಳನ್ನು ಒಂದೊಂದಾಗಿ ಬಿಚ್ಚುತ್ತ ಹೋದರು. ಯಾವುದನ್ನಾದರೂ ಬಿಚ್ಚಿದಾಗ 5 ವೋಲ್ಟ್ ಮರಳಿ ಬಂದಿದ್ದರೆ ದೋಷ ಆ ಸೆನ್ಸರ್‌ನದಾಗುತ್ತಿತ್ತು; ಎಲ್ಲವನ್ನೂ ಬಿಚ್ಚಿದರೂ ಬರಲಿಲ್ಲ. ಬ್ಯಾಟರಿ ಕಡಿದು, ಕಂಟ್ರೋಲರ್ ಕಡೆಯ ಪ್ಲಗ್ಗನ್ನೂ ತೆಗೆದು, ಆ ತಂತಿಗೂ ಚಾಸಿಗೂ ನಡುವಿನ ರೋಧವನ್ನು ನೋಡುತ್ತ ವೈರಿಂಗ್ ಕಟ್ಟನ್ನು ಗೇಣು ಗೇಣಾಗಿ ಅಲುಗಾಡಿಸುತ್ತ ಬಂದರು. ಪಂಪ್ ಕೆಳಗಿನ ಒಂದು ಕ್ಲಾಂಪ್ ಬಳಿ ಕೈ ಬಂದಾಗ ಅಂಕಿ ಜಿಗಿಯಿತು. ಕ್ಲಾಂಪ್‌ನ ರಬ್ಬರ್ ಯಾವಾಗಲೋ ಉದುರಿಹೋಗಿ, ತಗಡಿನ ಅಂಚು ತಂತಿಯ ಹೊದಿಕೆಯನ್ನು ತಿಂದುಹಾಕಿತ್ತು. ಒಣಗಿ ಗಟ್ಟಿಯಾಗಿದ್ದ ಎರೆಮಣ್ಣನ್ನು ಕೆರೆದಾಗ ಒಳಗೆ ತಾಮ್ರ ಹಸಿರುಗಟ್ಟಿದ್ದು ಕಾಣಿಸಿತು. ಒಂದು ಗೇಣು ತಂತಿ, ಶಾಖಕ್ಕೆ ಬಿಗಿಯುವ ಸ್ಲೀವ್, ಹೊಸ ರಬ್ಬರ್ ಕ್ಲಾಂಪ್: ಇಷ್ಟರಲ್ಲೇ ಕೆಲಸ ಮುಗಿಯಿತು. ನಾನು ಬದಲಿಸಿದ ಎರಡೂ ಸೆನ್ಸರ್‌ಗಳು ಕೆಟ್ಟಿರಲೇ ಇಲ್ಲ.

ಕೋಡ್ ತೋರಿಸುವುದು ದೋಷವಿರುವ ಸರ್ಕ್ಯೂಟನ್ನು. ಅದರಲ್ಲಿ ಸೆನ್ಸರ್, ತಂತಿ, ಕನೆಕ್ಟರ್, ಅರ್ಥ್ ಎಲ್ಲವೂ ಸೇರುತ್ತವೆ. ಇದನ್ನು ಮಾಲೀಕರೂ ಆಪರೇಟರ್‌ಗಳೂ ತಿಳಿದಿದ್ದರೆ ಕೆಲವು ಪರೀಕ್ಷೆಗಳನ್ನು ಖರ್ಚಿಲ್ಲದೆ ಮಾಡಬಹುದು. ರಾತ್ರಿಯಿಡೀ ನಿಂತ ಯಂತ್ರದ ಕೀಲಿಯನ್ನು ಬೆಳಿಗ್ಗೆ ಆನ್ ಮಾಡಿದಾಗ ನೀರು, ಹೈಡ್ರಾಲಿಕ್ ಎಣ್ಣೆ, ಒಳಸೇರುವ ಗಾಳಿ ಇವುಗಳ ಉಷ್ಣಾಂಶ ಮಾನಿಟರ್‌ನಲ್ಲಿ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು ಮಾತ್ರ ಬೇರೆ ತೋರಿಸಿದರೆ ಅನುಮಾನ ಅಲ್ಲಿಂದಲೇ ಶುರುವಾಗಲಿ. ಎರಡು ಪಂಪ್‌ಗಳಿಗೆ ಒಂದೇ ಬಗೆಯ ಸೆನ್ಸರ್‌ಗಳಿದ್ದರೆ ಅವನ್ನು ಅದಲುಬದಲು ಮಾಡಿ ನೋಡಬಹುದು. ಕೋಡ್ ಸೆನ್ಸರ್‌ನ ಜೊತೆ ಸ್ಥಳ ಬದಲಿಸಿದರೆ ಸೆನ್ಸರ್ ಕೆಟ್ಟಿದೆ. ಇದ್ದಲ್ಲೇ ಉಳಿದರೆ ಮೊದಲು ವೈರಿಂಗ್ ನೋಡಬೇಕು. ಆದರೆ ಹೈಡ್ರಾಲಿಕ್ ಒತ್ತಡವನ್ನು ಪೂರ್ತಿ ಇಳಿಸದೆ ಯಾರೂ ಸೆನ್ಸರ್ ಬಿಚ್ಚಬಾರದು, ಅದು ಜೀವಕ್ಕೆ ಅಪಾಯ. ಕಂಟ್ರೋಲರ್‌ಗಳು ಪರಸ್ಪರ ಮಾತನಾಡುವ ಕ್ಯಾನ್ ತಂತಿಗಳ ಎರಡು ತುದಿಗಳಲ್ಲಿ 120 ಓಮ್‌ನ ರೋಧಕಗಳಿರುವುದರಿಂದ, ಬ್ಯಾಟರಿ ಕಡಿದು ಆ ಎರಡು ತಂತಿಗಳ ನಡುವೆ ಅಳೆದಾಗ ಸುಮಾರು 60 ಓಮ್ ಬರಬೇಕು. 120 ಬಂದರೆ ಒಂದು ಕಡೆಯ ಕೊಂಡಿ ಕಳಚಿದೆ ಎಂದರ್ಥ.

ನಮ್ಮಲ್ಲಿ ಬೇರೂರಿರುವ ಕೆಲವು ಅಭ್ಯಾಸಗಳನ್ನೂ ಬಿಡಬೇಕು. ಎರಡು ತಂತಿಯ ಬಲ್ಬ್ ಹಿಡಿದು ಕರೆಂಟ್ ನೋಡುವುದು ಹೆಡ್‌ಲೈಟ್‌ಗೆ ಸರಿ, 5 ವೋಲ್ಟ್‌ನ ಸೂಕ್ಷ್ಮ ತಂತಿಗೆ ಹಿಡಿದರೆ ಕಂಟ್ರೋಲರ್‌ಗೇ ಪೆಟ್ಟು ಬೀಳಬಹುದು. ಸೂಜಿಯಿಂದ ಚುಚ್ಚಿ ನೋಡಿದ ತಂತಿಯೊಳಗೆ ಮಳೆನೀರು ಇಳಿದು ಕೆಲವೇ ತಿಂಗಳಲ್ಲಿ ತಾಮ್ರ ಕೊಳೆಯುತ್ತದೆ. ಹೊಲದಲ್ಲಿ ನಿಂತ ಯಂತ್ರದ ಬಕೆಟ್ ಹಲ್ಲಿಗೆ ವೆಲ್ಡಿಂಗ್ ಮಾಡುವಾಗ ಬ್ಯಾಟರಿ ಕಡಿಯದೆ, ಅರ್ಥ್ ಕ್ಲಾಂಪನ್ನು ದೂರದ ಚೈನಿಗೆ ಕಟ್ಟುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ವೆಲ್ಡಿಂಗ್ ಕರೆಂಟ್ ಆಗ ಯಂತ್ರದ ಉದ್ದಕ್ಕೂ ಬೇರಿಂಗ್, ವೈರಿಂಗ್‌ಗಳ ಮೂಲಕ ದಾರಿ ಹುಡುಕುತ್ತದೆ.

ಎಕ್ಸ್‌ಕವೇಟರ್ ತಯಾರಿಸುವ ಟಾಟಾ ಹಿಟಾಚಿ ಕಾರ್ಖಾನೆ ಧಾರವಾಡದಲ್ಲೇ ಇದೆ. ಇಂಥ ಜಿಲ್ಲೆಯ ಮತ್ತು ಪಕ್ಕದ ಗದಗ, ಹಾವೇರಿಯ ಸರ್ಕಾರಿ ಐಟಿಐಗಳಲ್ಲಿ ಮಣ್ಣಗೆಯುವ ಯಂತ್ರಗಳ ವಿದ್ಯುತ್ ದೋಷ ಪತ್ತೆಯ ಕಿರು ತರಬೇತಿ ನಡೆಯಬೇಕು. ಈಗಾಗಲೇ ಕೆಲಸದಲ್ಲಿರುವ ಮೇಸ್ತ್ರಿಗಳೂ ಬರುವಂತೆ ಅದನ್ನು ಸಂಜೆ ಹೊತ್ತು ಇಡಬೇಕೆಂದು ಸಂಬಂಧಪಟ್ಟ ಇಲಾಖೆಯನ್ನು ಕೋರುತ್ತೇನೆ. ವರ್ಕ್‌ಶಾಪ್‌ನವರಲ್ಲಿ ನನ್ನ ವಿನಂತಿ ಒಂದೇ: ಸೆನ್ಸರ್ ಬದಲಿಸಿದ ಬಿಲ್ಲಿನಲ್ಲಿ, ಬದಲಿಸುವ ಮೊದಲು ಅಳೆದ ವೋಲ್ಟೇಜ್ ಎಷ್ಟಿತ್ತು ಎಂಬುದನ್ನೂ ಬರೆದುಕೊಡಿ. ಹಳೆಯ ಯಂತ್ರ ಮಾರುವವರು ಖರೀದಿ, ವಿಮೆ ಕಾಗದಗಳ ಜೊತೆ ವೈರಿಂಗ್ ನಕ್ಷೆಯನ್ನೂ ಕೊಡಬೇಕು, ಕೊಳ್ಳುವವರು ಅದನ್ನು ಕೇಳಿಯೇ ಪಡೆಯಬೇಕು. ನನ್ನ ಯಂತ್ರದ ನಕ್ಷೆಯನ್ನು ಬಹಳ ಓಡಾಡಿ ಸಂಪಾದಿಸಿ, ಲ್ಯಾಮಿನೇಟ್ ಮಾಡಿಸಿ, ಈಗ ಆಪರೇಟರ್ ಸೀಟಿನ ಹಿಂದೆ ಇಟ್ಟಿದ್ದೇನೆ.

ಇಂತಿ,
ಎಕ್ಸ್‌ಕವೇಟರ್ ಮಾಲೀಕ, ಗದಗ-ಬೆಟಗೇರಿ